ಊಜ್ ಪದದ ಮೂಲವೂ ಗೌಡರ ಬಚ್ಚಲುಮನೆಯೂ

ಕೆಲವರಿಗೆ ಹೊಸಬರನ್ನು ಕಂಡ ಕೂಡಲೇ ‘ಯಾವೂರಾಯ್ತು? ಯಾರ ಮನೆ ಕಡೆಯೋರು?’ ಎಂದು ಕೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ. ನನಗೂ ಆ ಚಾಳಿ ಇದೆ. ಆದರೆ ಮನುಷ್ಯರ ವಿಷಯದಲ್ಲಲ್ಲ, ಪದಗಳ ವಿಷಯದಲ್ಲಿ. ಅದರಲ್ಲೂ ಇಂಗ್ಲಿಷ್ ಪದಗಳ ವಿಷಯದಲ್ಲಿ. ಒಂದು ಪದ ಕಿವಿಗೆ ಬಿತ್ತೆಂದರೆ ಅರ್ಥ ಗೊತ್ತಿದ್ದರೆ ಸಾಲದು. ಅದು ಎಲ್ಲಿ ಹುಟ್ಟಿತು, ಯಾರ ಬಾಯಲ್ಲಿ ಬೆಳೆಯಿತು, ದಾರಿಯಲ್ಲಿ ಯಾವ ಅಕ್ಷರ ಕಳೆದುಕೊಂಡಿತು ಎಂದು ತಿಳಿಯುವವರೆಗೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಒಮ್ಮೆ ನನ್ನ ಹೆಂಡತಿ ವಿಮಲ ಕುಕ್ಕರಿಗೆ ಗ್ಯಾಸ್ಕೆಟ್ ತರಲು ಕಳಿಸಿದಳು. ಅಂಗಡಿಯ ಮುಂದೆ ನಿಂತು ಫೋನಿನಲ್ಲಿ ಗ್ಯಾಸ್ಕೆಟ್ ಎಂಬ ಪದದ ಮೂಲ ಹುಡುಕಿದೆ. ‘ಖಚಿತವಿಲ್ಲ’ ಎಂದಿತ್ತು. ಬಹಳ ಬೇಜಾರಾಗಿ ಮನೆಗೆ ವಾಪಸು ಬಂದುಬಿಟ್ಟೆ. ಗ್ಯಾಸ್ಕೆಟ್ ತರಲಿಲ್ಲ. ಆವತ್ತು ಬೇಳೆ ಬೇಯುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ‘ಇನ್ನೊಂದ್ಸಲ ಹಿಂಗೆ ಮಾಡಿದ್ರೆ ಬೇಳೆ ಬದಲು ನಿಮ್ಮ ಡಿಕ್ಷನರಿನೇ ಬೇಯಿಸಿ ಬಡಿಸ್ತೀನಿ, ನೋಡ್ತಿರಿ’ ಎಂದು ವಿಮಲ ಅಂದದ್ದು ಅಕ್ಕಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಇದು ವೃತ್ತಿಯಿಂದ ಅಂಟಿದ ರೋಗ. ಅರಕಲಗೂಡು, ಹೊಳೆನರಸೀಪುರ, ಕೊನೆಗೆ ಚನ್ನರಾಯಪಟ್ಟಣ ಅಂತ ಮೂರು ಊರಿನ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು, ಈಗ ನಿವೃತ್ತನಾಗಿ ಹಾಸನದಲ್ಲಿದ್ದೇನೆ. ಮೇಷ್ಟರ ಕೆಲಸದ ದೊಡ್ಡ ಸುಖವೆಂದರೆ ಕೇಳುವವರು ಎದ್ದು ಹೋಗುವಂತಿಲ್ಲ. ಗಂಟೆ ಹೊಡೆಯುವವರೆಗೆ ನಲವತ್ತೈವತ್ತು ಮಕ್ಕಳು ನಮ್ಮ ಮುಖ ನೋಡಿಕೊಂಡು ಕೂತಿರಲೇಬೇಕು. ನಿವೃತ್ತನಾದ ಮಾರನೆಯ ದಿನ ತಿಂಡಿ ತಿನ್ನುತ್ತಾ ವಿಮಲಳಿಗೆ ಪ್ಲೇಟ್ ಎಂಬ ಪದದ ಕಥೆ ಹೇಳಲು ಶುರುಮಾಡಿದೆ. ಅವಳು ನನ್ನ ಮುಂದಿದ್ದ ಪ್ಲೇಟನ್ನೇ ಎತ್ತಿಕೊಂಡು ಒಳಗೆ ಹೋದಳು. ಕೊನೆಗೆ ನನ್ನ ಪಾಲಿಗೆ ಉಳಿದದ್ದು ನಮ್ಮ ಬಡಾವಣೆಯ ವಾಟ್ಸಾಪ್ ಗುಂಪು. ಕಸದ ಗಾಡಿ ಬಂತು, ಕರೆಂಟು ಹೋಯ್ತು, ನೀರು ಬಿಟ್ಟಿದ್ದಾರೆ ಎಂಬ ಸಮಾಚಾರಗಳ ನಡುವೆ ನಾನು ದಿನಕ್ಕೊಂದು ಪದದ ಅರ್ಥ, ಮೂಲ ಬರೆದು ಹಾಕತೊಡಗಿದೆ. ನಾಲ್ಕೈದು ಜನ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರು. ಅದು ಮೆಚ್ಚುಗೆಯೋ, ಸಾಕು ಮಾಡಿ ಎಂಬ ಬೇಡಿಕೆಯೋ ಎಂದು ನಾನು ಯಾವತ್ತೂ ಕೆದಕಲು ಹೋಗಲಿಲ್ಲ.

ಈಗ ಊಜ್ ಎಂಬ ಪದಕ್ಕೆ ಬರೋಣ. ದ್ರವವಾದದ್ದು ಹರಿಯದೆ, ಸುರಿಯದೆ, ಮೆಲ್ಲಗೆ ಮೈಬಿಟ್ಟುಕೊಂಡು ಹೊರಗೆ ಬರುತ್ತದಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಊಜ್ ಅನ್ನುತ್ತಾರೆ. ನಮ್ಮಲ್ಲಿ ಒಸರು, ಜಿನುಗು ಅನ್ನುತ್ತೇವೆ. ಅರಕಲಗೂಡಿನಲ್ಲಿದ್ದಾಗ ಒಂಬತ್ತನೇ ಕ್ಲಾಸಿನ ಪಾಠವೊಂದರಲ್ಲಿ ಈ ಪದ ಬಂತು. ನಾನು ಬೋರ್ಡಿನ ಮೇಲೆ ಅರ್ಥ ಬರೆದು ‘ಯಾರಾದ್ರೂ ಉದಾಹರಣೆ ಕೊಡ್ರೋ’ ಅಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಹಲಸಿನಕಾಯಿ ತೊಟ್ಟು ಮುರಿದ್ರೆ ಸೊನೆ ಬತ್ತದಲ್ಲ ಸಾ, ಅಂಗೆ’ ಅಂದಳು. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕು ‘ಕೂತ್ಕೊಳಮ್ಮ, ಇಂಗ್ಲಿಷ್ ಪಾಠಕ್ಕೂ ಹಲಸಿನಕಾಯಿಗೂ ಏನು ಸಂಬಂಧ’ ಅಂದೆ. ಎಷ್ಟೋ ವರ್ಷದ ಮೇಲೆ ದೊಡ್ಡ ನಿಘಂಟು ಕೊಂಡು ಬಿಚ್ಚಿ ನೋಡುತ್ತೇನೆ, ಊಜ್‌ಗೆ ಹಳೆಯ ಇಂಗ್ಲಿಷಿನಲ್ಲಿ ಇಬ್ಬರು ತಾತಂದಿರು. ಒಬ್ಬನ ಅರ್ಥ ಕೆಸರು. ಇನ್ನೊಬ್ಬನ ಅರ್ಥ ರಸ, ಸೊನೆ! ಇಬ್ಬರ ಹೆಸರಿನ ಮುಂದೆಯೂ ಒಂದು ‘ವ’ಕಾರ ಇತ್ತಂತೆ. ನಮ್ಮ ಕಡೆಯವರು ಹಾಸನವನ್ನು ಆಸನ ಮಾಡಿದ ಹಾಗೆ ಇಂಗ್ಲಿಷಿನವರೂ ಮೊದಲಕ್ಷರ ನುಂಗಿ ನೀರು ಕುಡಿದಿದ್ದಾರೆ. ಆ ಹುಡುಗಿ ನಿಘಂಟಿಲ್ಲದೆ ಮೂಲಕ್ಕೇ ಕೈ ಹಾಕಿದ್ದಳು, ನಾನು ಅವಳನ್ನು ನಗೆಪಾಟಲು ಮಾಡಿದ್ದೆ. ನೆನೆದಾಗಲೆಲ್ಲ ಈಗಲೂ ನಾಚಿಕೆಯಾಗುತ್ತದೆ. ಆ ನಾಚಿಕೆಗೋ ಏನೋ, ಈ ಪದವನ್ನು ಎಲ್ಲಾದರೂ ಸರಿಯಾದ ಜಾಗದಲ್ಲಿ ಬಳಸಿಯೇ ತೀರಬೇಕೆಂದು ಬಹಳ ದಿನದಿಂದ ಹೊಂಚು ಹಾಕುತ್ತಿದ್ದೆ.

ಆ ಜಾಗ ಪಕ್ಕದ ಮನೆಯ ಗೋಡೆಯ ಮೇಲೆ ಸಿಕ್ಕಿತು. ಪಕ್ಕದ ಮನೆ ತಿಮ್ಮೇಗೌಡರದು. ಸಾಲಗಾಮೆ ಕಡೆಯವರು. ಆಲೂಗಡ್ಡೆ, ಶುಂಠಿ ಬೆಳೆಯುವ ಜಮೀನಿದೆ, ಈಗಲೂ ದಿನ ಬಿಟ್ಟು ದಿನ ಸ್ಕೂಟರಿನಲ್ಲಿ ಹೋಗಿ ನೋಡಿಕೊಂಡು ಬರುತ್ತಾರೆ. ಅವರ ಹೆಂಡತಿ ಜಯಮ್ಮನವರ ತವರು ಮೊಸಳೆ ಎಂಬ ಹಳ್ಳಿ. ಹತ್ತೊಂಬತ್ತು ವರ್ಷದ ಹಿಂದೆ ಎರಡೂ ಮನೆಗಳ ಪಾಯವನ್ನು ಒಂದೇ ತಿಂಗಳಲ್ಲಿ ಹಾಕಿದ್ದು. ಜಾಗ ಉಳಿಯಲಿ ಎಂದು ನಡುವೆ ಒಂದೇ ಗೋಡೆ ಎತ್ತಿದೆವು. ನಮಗೆ ಅದು ಕಾಂಪೌಂಡು, ಅವರಿಗೆ ದೇವರಮನೆಯ ಗೋಡೆ. ಗೌಡರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಹಾಗಾಗಿ ಮೇಷ್ಟ್ರು ಎಂದರೆ ಅವರಿಗೆ ವಿಪರೀತ ನಂಬಿಕೆ. ‘ಮೇಷ್ಟ್ರು ಏಳವ್ರೆ ಅಂದ್ಮೇಲೆ ಮುಗೀತು ಕಣಿ’ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು. ಆ ಮಾತು ಕೇಳಿದರೆ ನನಗೆ ಕಾಲು ನೆಲದಿಂದ ಒಂದು ಗೇಣು ಮೇಲೇರುತ್ತಿತ್ತು.

ಒಂದು ಬೆಳಿಗ್ಗೆ ಗುಂಪಿಗೆ ಗೌಡರು ಕಳಿಸಿದ ಫೋಟೋ ಬಂತು, ಜೊತೆಗೆ ಅವರ ದನಿ: ‘ಎಲ್ಲಾರ್ಗೂ ನಮಸ್ಕಾರ. ನಮ್ ದ್ಯಾವ್ರ ಮನೆ ಗ್ವಾಡೆ ಬುಡದಾಗೆ ನೀರು ಬತ್ತಾ ಐತೆ. ಎಲ್ಲಿಂದ ಅಂತ ಗೊತ್ತಾಯ್ತಾ ಇಲ್ಲ. ತಿಳಿದೋರು ವಸಿ ಏಳಿ.’ ಫೋಟೋದಲ್ಲಿ ಗೋಡೆಯ ಸುಣ್ಣ ಉಬ್ಬಿ, ಕೆಳಗೆ ಒದ್ದೆ ಕಲೆ ಹರಡಿತ್ತು. ಮೂಲೆಮನೆಯ ನಿವೃತ್ತ ಇಂಜಿನಿಯರು ‘ಲೀಕೇಜ್. ಅಕ್ಕಪಕ್ಕದ ನಲ್ಲಿ, ಪೈಪುಗಳನ್ನು ಪರೀಕ್ಷಿಸಿ’ ಎಂದು ಬರೆದರು. ಅಕ್ಕಪಕ್ಕದ ಎಂಬ ಪದದಲ್ಲಿ ನಮ್ಮ ಮನೆಯೂ ಬರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಇಂಜಿನಿಯರು ಪದವನ್ನು ತಪ್ಪಾಗಿ ಬಳಸಿದ್ದಾರೆ ಎಂಬುದು. ಅಲ್ಲೇ ಕೂತು, ಕಾಫಿಯನ್ನೂ ಮರೆತು, ಉದ್ದಕ್ಕೆ ಬರೆದೆ. ಇದು ಲೀಕ್ ಅಲ್ಲ, ಊಜ್. ಲೀಕ್ ಎಂದರೆ ತೂತಿನಿಂದ ಸೋರುವುದು. ಊಜ್ ಹಾಗಲ್ಲ. ಅದರ ಮೂಲದಲ್ಲಿರುವುದು ರಸ, ಸೊನೆ. ಸೊನೆ ಎಂದಾದರೂ ಪಕ್ಕದ ಮರದಿಂದ ಬರುತ್ತದೆಯೇ? ತನ್ನ ಮೈಯೊಳಗಿನಿಂದಲೇ ತಾನೆ ಬರುವುದು? ಆದ್ದರಿಂದ ಗೌಡರು ಹೊರಗೆ ಹುಡುಕುವುದು ವ್ಯರ್ಥ, ಮೂಲ ಅವರ ಮನೆಯೊಳಗೇ ಇರತಕ್ಕದ್ದು.

ಬರೆದು ಮುಗಿಸಿ ಎರಡು ಸಲ ಓದಿಕೊಂಡೆ. ನನಗೇ ರೋಮಾಂಚನವಾಯಿತು. ಏನು ತರ್ಕ! ನಿಘಂಟು ಹಿಡಿದು ನೀರಿನ ದಾರಿ ಕಂಡುಹಿಡಿದವನು ಹಾಸನ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು ಅಂದುಕೊಂಡೆ. ಅದು ನಿಜವೂ ಆಗಿತ್ತು. ಅಷ್ಟು ಬುದ್ಧಿ ಕೆಟ್ಟವರು ಇನ್ನಾರೂ ಇರಲಾರರು.

ಮೂರನೇ ದಿನ ಬೆಳಿಗ್ಗೆ ಪಕ್ಕದ ಮನೆಯಿಂದ ಧಡ್ ಧಡ್ ಎಂದು ಸುತ್ತಿಗೆಯ ಸದ್ದು. ಹೋಗಿ ನೋಡಿದರೆ ಗೌಡರು ಗಾರೆ ಕೆಲಸದವರನ್ನು ಕರೆಸಿ ತಮ್ಮ ಬಚ್ಚಲುಮನೆಯ ನೆಲ ಒಡೆಸುತ್ತಿದ್ದಾರೆ. ದೇವರಮನೆಗೆ ಅಂಟಿಕೊಂಡಿದ್ದ ಬಚ್ಚಲುಮನೆ ಅದು. ಹೋದ ವರ್ಷವಷ್ಟೇ ಟೈಲ್ಸ್ ಹಾಕಿಸಿದ್ದರು. ಗಾರೆಯವನು ‘ಗೌಡ್ರೇ, ಇಲ್ಲಿ ಒಣ್ಕೊಂಡೈತೆ, ಸುಮ್ನೆ ಒಡೀಬ್ಯಾಡಿ’ ಅನ್ನುತ್ತಿದ್ದ. ಗೌಡರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ‘ಲೇ, ನೀನೇನ್ ಇಂಗ್ಲೀಸ್ ಓದಿದ್ದೀಯೇನ್ಲಾ? ಮೇಷ್ಟ್ರು ಏಳವ್ರೆ, ಇದು ಊಜು. ಊಜು ಅಂದ್ರೆ ಒಳಗಿಂದ್ಲೇ ಬರೋದು ಕಣ್ಲಾ. ಒಡಿ ನೀನು!’ ಎಂದರು. ನನ್ನನ್ನು ಕಂಡು ‘ಬನ್ನಿ ಮೇಷ್ಟ್ರೇ, ಬನ್ನಿ’ ಎಂದು ಇಟ್ಟಿಗೆ ಚೂರು ಸರಿಸಿ ಜಾಗ ಮಾಡಿಕೊಟ್ಟರು. ನಾನು ಗಂಭೀರವಾಗಿ ಬಗ್ಗಿ ಗುಂಡಿ ನೋಡಿದೆ. ಒಳಗೆ ಒಣ ಮರಳು. ‘ಇನ್ನೊಂಚೂರು ಆಳಕ್ಕೆ ಹೋಗ್ಬೇಕೇನೋ’ ಅಂದೆ. ಇನ್ನೊಂದಡಿ ಅಗೆದರು.

ಹೀಗೆ ಅಗೆದು ಅಗೆದು ಬಚ್ಚಲುಮನೆ ಬಾವಿಯ ಹಾಗಾಯಿತು, ನೀರು ಮಾತ್ರ ಸಿಗಲಿಲ್ಲ. ಗೌಡರ ಮನೆಯಲ್ಲಿ ಸ್ನಾನಕ್ಕೆ ಜಾಗವಿಲ್ಲದಂತಾಯಿತು. ‘ಅಯ್ಯೋ, ಅದಕ್ಕೇನ್ರೀ ಜಯಮ್ಮ, ನಮ್ಮನೆ ಇಲ್ವಾ?’ ಎಂದು ವಿಮಲ ಬಾಯಿ ತುಂಬ ಕರೆದಳು. ಅಂದಿನಿಂದ ಬೆಳಿಗ್ಗೆ ಆರೂವರೆಗೆ ಹೆಗಲ ಮೇಲೆ ಟವೆಲು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಗೌಡರು ನಮ್ಮ ಮನೆಗೆ ಬರುವುದು, ಅವರ ಹಿಂದೆ ಜಯಮ್ಮ ಬರುವುದು ಪದ್ಧತಿಯಾಯಿತು. ನನ್ನ ಸ್ನಾನದ ಸರದಿ ಹತ್ತು ಗಂಟೆಗೆ ಬಿತ್ತು. ಗೌಡರು ಒಳಗಿನಿಂದಲೇ ‘ನೀರು ಬೋ ಪಸಂದಾಗೈತೆ ಮೇಷ್ಟ್ರೇ!’ ಎಂದು ಕೂಗಿ ಹೇಳುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು. ನಾನು ಹಾಳುಮಾಡಿದ ಮನುಷ್ಯನಿಗೆ ನಾನೇ ಬಿಸಿನೀರು ಕೊಟ್ಟು ಉಪಕಾರಿಯಾಗಿದ್ದೆ, ನೋಡಿ.

ಅವರ ಟವೆಲು ಒಣಗಲು ಓಣಿಯಲ್ಲಿ ಒಂದು ದಾರ ಕಟ್ಟಿ ಎಂದು ವಿಮಲ ಹೇಳಿದಳು. ಓಣಿ ಎಂದರೆ ನಮ್ಮ ಮನೆಗೂ ಆ ಜಂಟಿ ಗೋಡೆಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗ. ದಾರ ಕಟ್ಟುತ್ತಾ ಬಂದೆ, ಮೊಳದಷ್ಟು ಕಮ್ಮಿ ಬಿತ್ತು. ಸುತ್ತ ನೋಡಿದೆ. ಅಲ್ಲಿನ ನಲ್ಲಿಗೆ ಕಟ್ಟಿದ್ದ ಹುರಿ ಕಂಡಿತು. ಅದನ್ನು ಕಟ್ಟಿದವನು ನಾನೇ. ಎರಡು ವರ್ಷದ ಹಿಂದೆ ಆ ನಲ್ಲಿಯ ವಾಷರು ಹೋಗಿ ಟಪ್ ಟಪ್ ಎಂದು ಹನಿ ಬೀಳುತ್ತಿತ್ತು. ಮಧ್ಯಾಹ್ನ ನಿಘಂಟು ಓದುವಾಗ ಆ ಸದ್ದು ನನ್ನ ತಲೆ ತಿನ್ನುತ್ತಿತ್ತು. ಪ್ಲಂಬರಿಗೆ ಫೋನು ಮಾಡಿದರೆ ‘ನಾಳೆ ಬತ್ತೀನಿ ಸಾ’ ಅನ್ನುತ್ತಿದ್ದ, ಆ ನಾಳೆ ಈವತ್ತಿಗೂ ಬಂದಿಲ್ಲ. ಕೊನೆಗೆ ನಾನೇ ಒಂದು ಉಪಾಯ ಮಾಡಿ ನಲ್ಲಿಯ ಮೂತಿಗೆ ಹತ್ತಿಯ ಹುರಿ ಕಟ್ಟಿದೆ. ಹನಿ ಕೆಳಗೆ ಬೀಳದೆ ಹುರಿ ಹಿಡಿದು ಸದ್ದಿಲ್ಲದೆ ಇಳಿಯತೊಡಗಿತು. ಹುರಿ ಗಾಳಿಗೆ ಅಲ್ಲಾಡದಿರಲಿ ಎಂದು ಇನ್ನೊಂದು ತುದಿಯನ್ನು ಗೋಡೆಯ ಬುಡದಲ್ಲಿ ಒಂದು ಮೊಳೆ ಹೊಡೆದು ಬಿಗಿದೆ. ಮನೆ ನಿಶ್ಶಬ್ದವಾಯಿತು. ಆಮೇಲೆ ಅದನ್ನು ಮರೆತೇಬಿಟ್ಟೆ.

ಈಗ ಆ ಹುರಿ ಬಿಚ್ಚಲು ಬಗ್ಗಿದೆ. ಮೊಳೆ ಹೊಡೆದ ಕಡೆ ಗೋಡೆ ಬಿರುಕು ಬಿಟ್ಟು ಸುತ್ತ ಪಾಚಿ ಕಟ್ಟಿತ್ತು. ಬೆರಳಿಟ್ಟರೆ ಒಳಗೆ ಹೋಯಿತು. ಗೋಡೆಯ ಆಚೆ ಬದಿಗೆ ಏನಿದೆ ಎಂದು ಲೆಕ್ಕ ಹಾಕಲು ನಿಘಂಟು ಬೇಕಾಗಲಿಲ್ಲ. ಎರಡು ವರ್ಷ, ಹಗಲೂ ರಾತ್ರಿ, ನಾನು ದಾರ ಕಟ್ಟಿ ಗೌಡರ ದೇವರಮನೆಗೆ ನೀರು ಹಾಯಿಸಿದ್ದೆ. ಅದೇ ಹೊತ್ತಿಗೆ ನಮ್ಮ ಬಚ್ಚಲುಮನೆಯಿಂದ ಗೌಡರ ಕೂಗು ಬಂತು: ‘ಇವತ್ತಂತೂ ನೀರು ಇನ್ನೂ ಪಸಂದಾಗೈತೆ ಮೇಷ್ಟ್ರೇ!’

ಸುಳ್ಳು ಹೇಳುವುದಿಲ್ಲ, ನನಗೆ ಮೊದಲು ಬಂದ ಯೋಚನೆ ತಪ್ಪೊಪ್ಪಿಕೊಳ್ಳುವುದಲ್ಲ. ಮೊಳೆ ಕಿತ್ತೆ, ಹುರಿ ಜೇಬಿಗೆ ಹಾಕಿಕೊಂಡೆ, ಬಿರುಕಿಗೆ ಎಂ-ಸೀಲ್ ಮೆತ್ತಿದೆ, ಬೇರೆ ಪ್ಲಂಬರನ್ನು ಹಿಡಿದು ತಂದು ವಾಷರು ಹಾಕಿಸಿದೆ. ಹತ್ತು ನಿಮಿಷದ ಕೆಲಸ. ಇನ್ನು ಹದಿನೈದು ದಿನದಲ್ಲಿ ಗೋಡೆ ತಾನಾಗಿ ಒಣಗುತ್ತದೆ. ಬಚ್ಚಲು ಒಡೆಸಿದ್ದಕ್ಕೇ ಸರಿಹೋಯಿತು ಎಂದು ಗೌಡರು ಅಂದುಕೊಳ್ಳುತ್ತಾರೆ. ‘ಮೇಷ್ಟ್ರು ಏಳಿದ್ದೇ ನಿಜವಾಯ್ತು’ ಎಂದು ಊರೆಲ್ಲ ಹೇಳುತ್ತಾರೆ. ಇಂಜಿನಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ಇಷ್ಟೆಲ್ಲ ಲಾಭವಿರುವಾಗ ಸತ್ಯ ಹೇಳಿ ಯಾರಿಗೆ ಏನಾಗಬೇಕು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಆ ಪಾಠವನ್ನು ಕೇಳುತ್ತಿದ್ದ ವಿದ್ಯಾರ್ಥಿ ನಾನೊಬ್ಬನೇ, ಅವನಿಗೂ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ.

ಆ ಸಂಜೆ ವಿಮಲ ಕಾಫಿ ಕೊಡುತ್ತಾ ‘ಪಾಪ, ಜಯಮ್ಮಂಗೆ ತಲೆನೋವು ಜಾಸ್ತಿಯಾಗಿದೆ ಕಣ್ರೀ. ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಾರೆ’ ಅಂದಳು. ಯಾಕೆ ಎಂದೆ. ‘ಕಾಫಿ ಬಿಟ್ಟಿದ್ದಾರಲ್ಲ. ಒಂಬತ್ತು ದಿನ ಆಯ್ತು.’ ತವರಿನಿಂದ ತಂದ ಲಕ್ಷ್ಮಿಯ ಪಟ ಆ ಗೋಡೆಗೇ ಒರಗಿಸಿಟ್ಟಿದ್ದರಂತೆ. ತೇವಕ್ಕೆ ಪಟದ ಅಂಚೆಲ್ಲ ಕಪ್ಪಾಗಿದೆ. ತಾನೇನೋ ತಪ್ಪು ಮಾಡಿದ್ದೀನಿ, ಅದಕ್ಕೇ ತಾಯಿ ಗೋಡೆಯಲ್ಲಿ ಕಣ್ಣೀರು ಹಾಕುತ್ತಿದ್ದಾಳೆ ಎಂದು ಜಯಮ್ಮ ನಂಬಿಬಿಟ್ಟಿದ್ದಾರೆ. ಗೋಡೆ ಒಣಗುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದಾರೆ. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದ ಹೆಂಗಸು! ಪಟ ಹಿಡಿದುಕೊಂಡು ಅತ್ತರಂತೆ. ನನ್ನ ಕೈಯಲ್ಲಿದ್ದ ಲೋಟ ನೋಡಿದೆ. ಕೆಳಗಿಟ್ಟೆ. ಯಾರ ಮನೆಯ ಹೆಣ್ಣುಮಗಳೋ ನನ್ನ ಒಂದು ವಾಷರಿಗಾಗಿ ತನ್ನ ಪಾಪ ಹುಡುಕುತ್ತಾ ಕೂತಿದ್ದಾಳೆ. ವಿಮಲಳಿಗೆ ಎಲ್ಲ ಹೇಳಿದೆ. ಅವಳು ‘ಎದ್ದೇಳಿ. ಚಪ್ಪಲಿ ಹಾಕ್ಕೊಳಿ’ ಎಂದಳು, ಅಷ್ಟೇ.

ಗೌಡರು ಹಜಾರದಲ್ಲಿ ಕೂತಿದ್ದರು. ಜಯಮ್ಮ ತಲೆಗೆ ಕಟ್ಟಿದ ಬಟ್ಟೆಯೊಂದಿಗೆ ಗೋಡೆಗೆ ಒರಗಿದ್ದರು. ನಾನು ನಿಂತೇ ಶುರುಮಾಡಿದೆ. ‘ಗೌಡ್ರೇ, ಪದದ ಮೂಲದಿಂದ ಅರ್ಥ ಹಿಡಿಯೋದು ಎಲ್ಲ ಕಾಲಕ್ಕೂ ಸರಿಯಲ್ಲ. ಅದರಲ್ಲೂ ಊಜ್ ಎಂಬ ಪದಕ್ಕೆ ಕೆಸರು ಎಂಬ ಇನ್ನೊಂದು ಮೂಲವೂ...’ ಹಿಂದಿನಿಂದ ವಿಮಲ ನನ್ನ ಅಂಗಿ ಜಗ್ಗಿದಳು. ಗೌಡರು ‘ಮೇಷ್ಟ್ರೇ, ಪಾಠ ಆಮ್ಯಾಕೆ. ಇಸ್ಯ ಏಳಿ’ ಅಂದರು. ಜೇಬಿನಿಂದ ಹುರಿ ತೆಗೆದು ಅವರ ಮುಂದಿಟ್ಟೆ. ನಮ್ಮ ನಲ್ಲಿ, ಹುರಿ, ಮೊಳೆ, ಬಿರುಕು, ಎಲ್ಲವನ್ನೂ ಹೇಳಿದೆ. ತಾಯಿಯ ಕಣ್ಣೀರಲ್ಲ ಜಯಮ್ಮ, ನನ್ನ ಸೋಮಾರಿತನ ಅಂದೆ.

ಜಯಮ್ಮ ಧಡಕ್ಕನೆ ಎದ್ದು ಒಳಗೆ ಹೋದರು. ಅಡುಗೆಮನೆಯಿಂದ ಪಾತ್ರೆಗಳ ಸದ್ದು ಕೇಳಿತು. ಮುಗಿಯಿತು, ಹತ್ತೊಂಬತ್ತು ವರ್ಷದ ಸ್ನೇಹ ಇವತ್ತಿಗೆ ಕೊನೆ, ಇನ್ನು ಈ ಮನೆಯ ಹೊಸಿಲು ತುಳಿಯುವ ಹಾಗಿಲ್ಲ ಎಂದು ತಲೆ ತಗ್ಗಿಸಿ ನಿಂತೆ. ಐದು ನಿಮಿಷದ ಮೇಲೆ ಹೊರಗೆ ಬಂದರು. ಕೈಯಲ್ಲಿ ದೊಡ್ಡ ಲೋಟದ ತುಂಬ ಕಾಫಿ. ನನಗೆಂದುಕೊಂಡು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಕೂತು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಅರ್ಧ ಲೋಟ ಕುಡಿದರು. ‘ಇರಿ ಮೇಷ್ಟ್ರೇ. ಮೊದ್ಲು ಇದು ಮುಗೀಲಿ. ಬೈಯೋದು ಆಮ್ಯಾಕೆ’ ಅಂದರು.

ಆಮೇಲೆ ನಿಜವಾಗಿಯೂ ಬೈದರು. ನಾನು ಕೇಳಿದ ಬೈಗುಳಗಳಲ್ಲಿ ಅಷ್ಟು ಸ್ಪಷ್ಟವಾದದ್ದು, ಅಷ್ಟು ಸಂಕ್ಷಿಪ್ತವಾದದ್ದು ಇನ್ನೊಂದಿಲ್ಲ. ಗೌಡರಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಹುರಿಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾ, ‘ಅಲ್ಲಾ ಮೇಷ್ಟ್ರೇ, ನಾನು ಸುಂಟಿ ಹೊಲಕ್ಕೆ ಡ್ರಿಪ್ ಆಕ್ಸೋಕೆ ಕಂಪ್ನಿಯೋರ ಹಿಂದೆ ಆರು ತಿಂಗ್ಳು ಅಲೆದೆ. ನಿಮ್ಮನ್ನೇ ಕರ್ಕೊಂಡೋಗಿದ್ರೆ ಆಗ್ತಿತ್ತಲ್ಲಾ!’ ಎಂದು ಹೊಟ್ಟೆ ಹಿಡಿದುಕೊಂಡರು. ಅವರ ಬಚ್ಚಲು ಸರಿಯಾಗುವವರೆಗೆ ಗಾರೆಯವನ ಪಕ್ಕದಲ್ಲಿ ನಾನೇ ನಿಂತು ಸಿಮೆಂಟು ತಂದುಕೊಟ್ಟೆ, ಟೈಲ್ಸ್ ಹೊತ್ತೆ. ಜಯಮ್ಮನ ಲಕ್ಷ್ಮಿಯ ಪಟಕ್ಕೆ ಹೊಸ ಕಟ್ಟು ಹಾಕಿಸಿಕೊಂಡು ಬಂದೆ. ಗುಂಪಿನಲ್ಲಿ ಎರಡೇ ಸಾಲಿನ ಕ್ಷಮಾಪಣೆ ಬರೆದೆ. ಇಂಜಿನಿಯರು ಅದಕ್ಕೊಂದು ನಗುವ ಮುಖ ಹಾಕಿದರು. ತಿಂಗಳಾಗುವಷ್ಟರಲ್ಲಿ ಗೋಡೆ ಒಣಗಿ, ಸುಣ್ಣವಾಗಿ, ಎಲ್ಲ ಮೊದಲಿನಂತಾಯಿತು. ನಾನು ಹಾಗೆಂದುಕೊಂಡೆ.

ಹೋದ ವಾರ ಬೆಳಿಗ್ಗೆ ನಾನೂ ವಿಮಲಳೂ ಹೊರಗೆ ಕೂತಿದ್ದಾಗ ಗೌಡರು ಒಂದು ಕಾಗದ ಹಿಡಿದು ಬಂದರು. ಈ ಹತ್ತೊಂಬತ್ತು ವರ್ಷದಲ್ಲಿ ಅವರ ಮನೆಗೆ ಬಂದ ಇಂಗ್ಲಿಷ್ ಕಾಗದಗಳೆಲ್ಲ ನೇರ ನನ್ನ ಕೈಗೇ ಬಂದಿವೆ. ನಾನು ಮೊದಲ ಪದದಿಂದ ಶುರುಮಾಡಿ, ಅದರ ತಾತ ಮುತ್ತಾತರನ್ನೆಲ್ಲ ಮಾತಾಡಿಸಿ, ಸಹಿಯವರೆಗೆ ಬರುವಷ್ಟರಲ್ಲಿ ಗೌಡರ ಎರಡು ಲೋಟ ಕಾಫಿ ಖಾಲಿಯಾಗುತ್ತಿತ್ತು. ಅಭ್ಯಾಸಬಲದಿಂದ ಕನ್ನಡಕ ಹಾಕಿಕೊಂಡು ಕೈ ಚಾಚಿದೆ. ಕಾಗದ ನನ್ನ ಮೂಗಿನ ಮುಂದೆಯೇ ಹಾದುಹೋಗಿ ವಿಮಲಳ ಕೈ ಸೇರಿತು. ‘ಅಮ್ಮಾ, ವಸಿ ನೋಡಿ, ಏನ್ ಬರ್ದವ್ರೆ ಅಂತ.’ ಎಸ್ಸೆಸ್ಸೆಲ್ಸಿ ಓದಿದ ವಿಮಲ ಕೈಯಲ್ಲಿದ್ದ ಅವರೆಕಾಯಿ ಬಿಟ್ಟು, ಸೆರಗಿಗೆ ಬೆರಳು ಒರೆಸಿಕೊಂಡು, ಕಾಗದದ ಮೇಲೆ ಒಂದು ಸಲ ಕಣ್ಣಾಡಿಸಿದಳು.

‘ಶುಕ್ರವಾರದೊಳಗೆ ಆಧಾರ್ ಕಾರ್ಡ್ ತಗೊಂಡು ಗ್ಯಾಸ್ ಆಫೀಸಿಗೆ ಹೋಗಿ ಬೆರಳು ಒತ್ತಿ ಬರಬೇಕಂತೆ ಗೌಡ್ರೇ.’

‘ಅಷ್ಟೇಯಾ ಅಮ್ಮಾ ಇದ್ರಾಗಿರೋದು?’

‘ಅಷ್ಟೇ.’

ಬಗ್ಗಿ ನಾನೂ ನೋಡಿದೆ. ಅಷ್ಟೇ ಇತ್ತು. ಗೌಡರು ಕಾಗದ ಮಡಚಿ ಜೇಬಿಗಿಟ್ಟು ಎದ್ದರು. ಮೆಟ್ಟಿಲು ಇಳಿಯುವ ಮುಂಚೆ ಏನೋ ನೆನಪಾದವರಂತೆ ನಿಂತು, ತಿರುಗಿ, ನನ್ನನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. ಅವರ ಹೆಂಡತಿಯ ಹಾಗೆ ಬೈದುಬಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು.